ಆ ದತ್ತಿನ ಕಾಗದ ಏನಾಯಿತು?

ನಾನು ಕಿತ್ತೂರು ಚೆನ್ನಮ್ಮನಾದದ್ದು ಕುಣಿಗಲ್ಲಿನಲ್ಲಿ, ಮಿಡ್ಲ್‌ಸ್ಕೂಲಿನ ವಾರ್ಷಿಕೋತ್ಸವದ ರಾತ್ರಿ. ಕಚ್ಚೆ ಹಾಕಿ ಉಡಿಸಿದ ಅಮ್ಮನ ಧಾರೆ ಸೀರೆ, ರಟ್ಟಿಗೆ ಬೆಳ್ಳಿಕಾಗದ ಅಂಟಿಸಿದ ಕತ್ತಿ, ಹಣೆಯ ತುಂಬ ವಿಭೂತಿ. ಥ್ಯಾಕರೆಯಾಗಿದ್ದವಳು ನನ್ನ ಬೆಂಚಿನ ಗೆಳತಿಯೇ. ಅವಳಿಗೆ ಅವರಣ್ಣನ ಪ್ಯಾಂಟು, ಮುಖಕ್ಕೆ ಅರ್ಧ ಡಬ್ಬಿ ಪೌಡರು. ನಾನು ಕಪ್ಪ ಕೊಡುವುದಿಲ್ಲವೆಂದು ಗುಡುಗಿದೆ. ಅವಳು ಕನ್ನಡವನ್ನು ತೊದಲಿ ತೊದಲಿ ನುಡಿದು ಜನರನ್ನು ನಗಿಸಿ, ಪಟಾಕಿಯ ಸದ್ದಿಗೆ ಬಿದ್ದು ಸತ್ತಳು. ಪರದೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ.

ಆ ನಾಟಕ ನೋಡಲೆಂದೇ ಗುಬ್ಬಿಯ ಕಡೆಯ ಹಳ್ಳಿಯಿಂದ ನನ್ನ ದೊಡ್ಡಮ್ಮ ಬಂದಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಓದು ಬರಹ ಇಲ್ಲ. ರಾತ್ರಿ ನನ್ನ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಾ, "ಎಲ್ಲಾ ಚೆನ್ನಾಗ್ ಮಾಡ್ದೆ ಕಣೆ. ಆದ್ರೆ ಆ ದತ್ತಿನ ಕಾಗ್ದ ಏನಾಯ್ತು?" ಎಂದು ಕೇಳಿದಳು. ಮೊದಲ ದೃಶ್ಯದಲ್ಲಿ ಯಾರೋ ಒಬ್ಬರು ದತ್ತಿನ ವಿಷಯವನ್ನು ಒಂದು ಸಾಲಿನಲ್ಲಿ ಹೇಳಿ ಹೋಗಿದ್ದರು. ನಮ್ಮ ಮೇಷ್ಟ್ರು ಅದನ್ನು ಅಷ್ಟಕ್ಕೇ ಬಿಟ್ಟಿದ್ದರು. ನನಗೇನು ಗೊತ್ತು? "ಗೊತ್ತಿಲ್ಲ ದೊಡ್ಡಮ್ಮ, ಯುದ್ಧ ಆಯ್ತಲ್ಲ" ಎಂದೆ. ಅವಳು ಮತ್ತೆ ಮಾತಾಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಚೆನ್ನಮ್ಮನ ಮೇಲಿನ ನಾಟಕ, ಮಕ್ಕಳ ಪುಸ್ತಕ, ಜೀವನ ಚರಿತ್ರೆ, ಭಾಷಣ ಅಂತ ಎಷ್ಟೋ ನೋಡಿದ್ದೇನೆ, ಓದಿದ್ದೇನೆ, ಕೇಳಿದ್ದೇನೆ. ಈಗ ಹಿಂದಿರುಗಿ ನೋಡಿದರೆ, ಅಷ್ಟೂ ಕೃತಿಗಳ ಮೇಲೆ ಬರೆಯಬಹುದಾದ ವಿಮರ್ಶೆಯನ್ನು ದೊಡ್ಡಮ್ಮ ಅಂದೇ ಒಂದು ವಾಕ್ಯದಲ್ಲಿ ಮಾಡಿ ಮುಗಿಸಿದ್ದಳು ಎನ್ನಿಸುತ್ತದೆ. ಕತ್ತಿಯನ್ನು ನಾವು ಚೆನ್ನಾಗಿಯೇ ಉಳಿಸಿಕೊಂಡಿದ್ದೇವೆ. ಕಾಗದವನ್ನು ಕಳೆದುಬಿಟ್ಟಿದ್ದೇವೆ.

ನಮ್ಮ ತಲೆಮಾರಿನ ಹೆಣ್ಣುಮಕ್ಕಳಿಗೆ ಚೆನ್ನಮ್ಮ ಎಂದರೆ 1961ರ ಸಿನಿಮಾ. ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'. ತುಮಕೂರಿನವರು ಆ ಚಿತ್ರವನ್ನು ಸ್ವಲ್ಪ ನಮ್ಮದು ಎಂದುಕೊಂಡರೆ ತಪ್ಪೇನಿಲ್ಲ. ಅದಕ್ಕೆ ಸಂಭಾಷಣೆ ಬರೆದ ಜಿ.ವಿ. ಅಯ್ಯರ್ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಮಲ್ಲಸರ್ಜನ ಪಾತ್ರ ಮಾಡಿದ ರಾಜಕುಮಾರ್ ಅವರೂ ಗುಬ್ಬಿ ವೀರಣ್ಣನವರ ಕಂಪನಿಯ ಅನ್ನ ಉಂಡವರೇ. ಹಾಗಾಗಿ ಆ ಚಿತ್ರದ ಮಾತಿನಲ್ಲಿ ಕಂಪನಿ ನಾಟಕದ ಉಸಿರಿದೆ. ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಕೇಳುವಂಥ ಮಾತು ಅದು. ಬಿ. ಸರೋಜಾದೇವಿಯವರು ಎಷ್ಟು ಚೆಂದ ಇದ್ದರು! 2025ರ ಜುಲೈಯಲ್ಲಿ ಅವರು ತೀರಿಕೊಂಡಾಗ ನಮ್ಮ ಬೀದಿಯ ನಾಲ್ಕಾರು ಹೆಂಗಸರು ನೆನೆಸಿಕೊಂಡದ್ದು ಅವರ ಮಿಕ್ಕ ಪಾತ್ರಗಳನ್ನಲ್ಲ, ಕತ್ತಿ ಹಿಡಿದ ಆ ರಾಣಿಯನ್ನೇ.

ಆದರೂ ಒಂದು ಮಾತು ಹೇಳಬೇಕು. ಸರೋಜಾದೇವಿಯವರಿಗೆ ಆಗ ಇಪ್ಪತ್ತಮೂರು ವರ್ಷ. ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ಚೆನ್ನಮ್ಮನಿಗೆ 1824ರ ಯುದ್ಧದ ಹೊತ್ತಿಗೆ ನಲವತ್ತಾರು. ಗಂಡ ಮಲ್ಲಸರ್ಜ ಟಿಪ್ಪುವಿನ ಸೆರೆಯನ್ನೂ ಕಂಡವನು, ಪೇಶ್ವೆಯ ಸೆರೆಯನ್ನೂ ಕಂಡವನು. ಅವನು 1816ರಲ್ಲಿ ತೀರಿಕೊಂಡು ಎಂಟು ವರ್ಷವಾಗಿತ್ತು. ಹೊಟ್ಟೆಯ ಮಗ ಉಳಿದಿರಲಿಲ್ಲ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟದಲ್ಲಿದ್ದ. ಅವನೂ ಆ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಮಾಸ್ತಮರಡಿಯ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡ ಎನ್ನುವುದು ಅರಮನೆಯವರ ಮಾತು. ಅಂದರೆ ನಲವತ್ತಾರರ ಒಬ್ಬ ವಿಧವೆ, ಸವತಿಯ ಮಗನ ಹೆಣ ಎತ್ತಿದ ಮನೆ, ಗಂಡ ಹೋದ ಎಳೆಯ ಸೊಸೆ, ನಿನ್ನೆ ಮೊನ್ನೆ ಬಂದ ದತ್ತು ಹುಡುಗ. ಇದು ಚೆನ್ನಮ್ಮನ ಚಿತ್ರ. ಇಂಥ ಮನೆ ನಿಮಗೆ ಗೊತ್ತಿಲ್ಲವೆ? ನನಗೆ ಚೆನ್ನಾಗಿ ಗೊತ್ತು.

ಧಾರವಾಡದ ಕಲೆಕ್ಟರ್ ಮತ್ತು ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆಗೆ ಆ ದತ್ತಿನ ಪತ್ರದ ಮೇಲೆ ಅನುಮಾನ. ಸಾಯುವವನು ನಿಜವಾಗಿ ರುಜು ಹಾಕಿದನೋ ಇಲ್ಲವೋ, ಕಂಪನಿಯ ಒಪ್ಪಿಗೆ ಇಲ್ಲದೆ ದತ್ತು ಹೇಗೆ ಸಲ್ಲುತ್ತದೆ ಎಂದು ಅವನ ತಕರಾರು. ಖಜಾನೆಗೆ ಬೀಗಮುದ್ರೆ ಬಿತ್ತು, ಕಾವಲು ನಿಂತಿತು. ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನ್, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್, ಇವರವರೆಗೂ ಚೆನ್ನಮ್ಮನ ಅಹವಾಲು ಹೋಯಿತು. ಪ್ರಯೋಜನವಾಗಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಒಡೆಯಲು ಥ್ಯಾಕರೆ ತೋಪು ತಂದು ನಿಲ್ಲಿಸಿದ. ಬಾಗಿಲು ಒಳಗಿನಿಂದ ತಾನಾಗಿ ತೆರೆಯಿತು. ಕಿತ್ತೂರಿನ ದಂಡು ಹೊರಬಿತ್ತು. ಥ್ಯಾಕರೆ ಸತ್ತ, ಮೂವರು ಸೈನ್ಯಾಧಿಕಾರಿಗಳೂ ಸತ್ತರು. ಥ್ಯಾಕರೆಯನ್ನು ಕೆಡವಿದವನು ಅಮಟೂರು ಬಾಳಪ್ಪ ಎಂದು ನಾಡು ನೆನೆಯುತ್ತದೆ.

ಈಗ ನೋಡಿ. ಈ ಜಗಳದ ಬುಡ ಕಪ್ಪವಲ್ಲ. ಕಿತ್ತೂರು 1818ರಲ್ಲಿ ಪೇಶ್ವೆಯ ವಿರುದ್ಧ ಕಂಪನಿಗೆ ನೆರವಾಗಿತ್ತು, ಕಂಪನಿಯ ಮಾನ್ಯತೆ ಪಡೆದಿತ್ತು, ವರ್ಷ ವರ್ಷ ಹಣವನ್ನೂ ಕಟ್ಟುತ್ತಿತ್ತು. ಪಂತುಲು ಅವರು ಎರಡು ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ ವೀರಪಾಂಡ್ಯ ಕಟ್ಟಬೊಮ್ಮನ ಚಿತ್ರ ಮಾಡಿದ್ದರು. ಅಲ್ಲಿ ಜಗಳ ನಿಜವಾಗಿಯೂ ಕಪ್ಪದ್ದು. ಅಲ್ಲಿನ ಆವೇಶ ಇಲ್ಲಿಗೂ ಹರಿದು ಬಂದಿರಬೇಕು. ಕೇಳಲು ಸೊಗಸಾಗಿಯೇ ಇದೆ. ಆದರೆ ಅದರಿಂದ ಚೆನ್ನಮ್ಮನ ಪ್ರಶ್ನೆ ಮರೆಯಾಯಿತು. ಅವಳ ಪ್ರಶ್ನೆ ಹೆಚ್ಚು ಕಷ್ಟದ್ದು: ನಮ್ಮ ಮನೆಗೆ ಯಾರು ಮಗ ಎಂಬುದನ್ನು ನಾವು ಹೇಳಬೇಕೋ, ಕಚೇರಿಯಲ್ಲಿ ಕೂತ ನೀನು ಹೇಳಬೇಕೋ? ಕಾಲು ಶತಮಾನ ಕಳೆದ ಮೇಲೆ ಡಾಲ್‌ಹೌಸಿ ಇದನ್ನೇ ಒಂದು ನೀತಿಯಾಗಿ ಮಾಡಿದ. 1854ರಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯ ದತ್ತು ಮಗನನ್ನು ಒಪ್ಪದೆ ರಾಜ್ಯ ನುಂಗಿದ. ಕಪ್ಪ ಕೇಳುವವನಿಗೆ ಬಯ್ಯುವುದು ಸುಲಭ. ಪತ್ರ ಸರಿಯಿಲ್ಲ ಎನ್ನುವವನನ್ನು ಎದುರಿಸುವುದು ಹೇಗೆ?

ಇನ್ನು ಎದುರು ಪಕ್ಷದವರ ಕಥೆ. ನಮ್ಮ ನಾಟಕದ ಥ್ಯಾಕರೆ ತೊದಲುವ, ಮೀಸೆ ತಿರುವುವ ಬೆಪ್ಪ. ಅವರ ಪುಸ್ತಕದಲ್ಲಿ ಅವನು ಬೇರೆಯೇ. 'ವ್ಯಾನಿಟಿ ಫೇರ್' ಬರೆದ ಕಾದಂಬರಿಕಾರ ಥ್ಯಾಕರೆ ಇದ್ದಾನಲ್ಲ, ಕಲ್ಕತ್ತೆಯಲ್ಲಿ ಹುಟ್ಟಿದವನು, ಅವನಿಗೆ ಈತ ಚಿಕ್ಕಪ್ಪ. ಇಂಡಿಯಾದಲ್ಲಿದ್ದ ಥ್ಯಾಕರೆ ವಂಶದವರ ಮೇಲೆಯೇ ಡಬ್ಲ್ಯೂ.ಡಬ್ಲ್ಯೂ. ಹಂಟರ್ 1897ರಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಕಿತ್ತೂರಿನಲ್ಲಿ ಬಿದ್ದವನಿಗೂ ಜಾಗವಿದೆ. ಅವನಿಗೆ ಅಣ್ಣಂದಿರಿದ್ದಾರೆ, ಮನೆತನವಿದೆ, ಧಾರವಾಡದಲ್ಲಿ ಸ್ಮಾರಕದ ಕಂಬವೂ ಇದೆ. ತಮಾಷೆಯೆಂದರೆ, ಆ ಅಣ್ಣನ ಮಗ ತನ್ನ ಕಾದಂಬರಿಯಲ್ಲಿ ಕಂಪನಿಯ ಒಬ್ಬ ಕಲೆಕ್ಟರನನ್ನು ತಂದು, ಹೊಟ್ಟೆಬಾಕ, ಪುಕ್ಕಲ, ಬಡಾಯಿಕೋರ ಎಂದು ಓದುಗರನ್ನು ನಗಿಸುತ್ತಾನೆ. ತಮ್ಮವರನ್ನು ನೋಡಿ ನಗುವಷ್ಟು ಧೈರ್ಯ ಅವರಿಗೆ ಬಂದದ್ದು, ತಮ್ಮವರ ಬಗ್ಗೆ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದರಿಂದಲೇ ಇರಬೇಕು.

ಸೋತವರ ಬಾಳನ್ನೂ ಅವರು ಬಿಡುವುದಿಲ್ಲ. ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗಗಳನ್ನು ನಾವು ಸ್ಕೂಲಿನಿಂದ ಪಿಕ್‌ನಿಕ್ಕಿಗೆ ಹತ್ತಿದ್ದೇವೆ, ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದಿದ್ದೇವೆ. 1791ರಲ್ಲಿ ಆ ಎರಡು ಕೋಟೆಗಳೂ ಟಿಪ್ಪುವಿನ ಕೈ ತಪ್ಪಿ ಕಾರ್ನ್‌ವಾಲಿಸನ ಸೈನ್ಯದ ಪಾಲಾದವು. ಆ ಕಾರ್ನ್‌ವಾಲಿಸ್ ಯಾರು? ಹತ್ತು ವರ್ಷ ಮುಂಚೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೆ ಶರಣಾದವನು. ಅಲ್ಲಿ ಬಂಡಾಯದವರಿಗೆ ಸೋತು ಬಂದವನು ಇಲ್ಲಿ ಗವರ್ನರ್ ಜನರಲ್ಲಾಗಿ ನಮ್ಮ ಬೆಟ್ಟ ಹತ್ತಿದ. ಅವನ ಸೋಲು ಗೆಲುವು, ಕಾಗದ ಪತ್ರ ಎಲ್ಲ ಅಚ್ಚಾಗಿವೆ. ಅದೇ ದುರ್ಗದ ಮೇಲೆ ಇದ್ದ ನಮ್ಮ ಒಬ್ಬಳೇ ಒಬ್ಬ ಹೆಂಗಸಿನ ಹೆಸರು ಹೇಳಿ ಎಂದರೆ ನಾನು ತಲೆ ತಗ್ಗಿಸಬೇಕು.

ಆದರೆ ಎರಡೂ ಪಕ್ಷದ ಬಾಳುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಬ್ಬನದು. ಕಿತ್ತೂರಿನಲ್ಲಿ ಥ್ಯಾಕರೆ ಸತ್ತ ದಿನ ಅವನ ಇಬ್ಬರು ಸಹಾಯಕರು ಸೆರೆ ಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಕೋಪದ ಜನ, ರಕ್ತ ಕಂಡ ಊರು, ಸಿಕ್ಕಿಬಿದ್ದ ಶತ್ರುವಿನ ಹುಡುಗರು. ಕೊಂದಿದ್ದರೆ ಕೇಳುವವರಾರು? ಕೊಲ್ಲಲಿಲ್ಲ. ವಾರಗಟ್ಟಲೆ ಇಟ್ಟುಕೊಂಡು, ಮಾತುಕತೆ ನಡೆಸಿ, ಡಿಸೆಂಬರಿನ ಮುತ್ತಿಗೆಗೆ ಮುಂಚೆ ಜೀವಂತ ಬಿಟ್ಟರು.

ಆ ಹುಡುಗ ಮುಂದೆ ಏನಾದ ಗೊತ್ತೆ? 1833ರವರೆಗೂ ಇದೇ ಸೀಮೆಯಲ್ಲಿದ್ದು ಊರೂರು ಅಲೆದು ಕಲ್ಲಿನ ಶಾಸನಗಳನ್ನು ನಕಲು ಮಾಡಿಸಿದ. ಕನ್ನಡ ನಾಡು ಮತ್ತು ಆಂಧ್ರದ ಕಡೆಯವು ಸೇರಿ 595 ಶಾಸನಗಳ ನಕಲು ಅವನ ಸಂಗ್ರಹದಲ್ಲಿ ಕೂಡಿತು. ಚಾಲುಕ್ಯರ ವಂಶಾವಳಿಯನ್ನು ಶಾಸನಗಳಿಂದ ಜೋಡಿಸಿ ಮೊದಲು ಬರೆದವರಲ್ಲಿ ಅವನೊಬ್ಬ. ಅಮರಾವತಿಯ ಸ್ತೂಪವನ್ನು 1845ರಲ್ಲಿ ಅಗೆಸಿದ. ಅದರ ಶಿಲ್ಪಗಳು ಲಂಡನ್ನಿಗೆ ಹೋದದ್ದು ನಮಗೆ ನೋವೇ. ಕಣ್ಣು ಹೋದ ಮುಪ್ಪಿನಲ್ಲಿ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಮಾಡಿ, 1887ರಲ್ಲಿ ತೀರಿಕೊಂಡ. ನಮ್ಮ ಮಕ್ಕಳು ಬಾದಾಮಿಯ ಚಾಲುಕ್ಯರು, ಕಲ್ಯಾಣದ ಚಾಲುಕ್ಯರು ಎಂದು ಬಾಯಿಪಾಠ ಮಾಡುತ್ತಾರಲ್ಲ, ಆ ಪಾಠದ ಹಿಂದೆ ಕಿತ್ತೂರಿನಲ್ಲಿ ಉಳಿದ ಒಂದು ಜೀವವೂ ಇದೆ.

ಇದನ್ನು ನಾನು ಎಲಿಯಟ್‌ನನ್ನು ಹೊಗಳಲು ಹೇಳುತ್ತಿಲ್ಲ. ಅವನು ಕಂಪನಿಯ ಸಂಬಳ ತಿಂದವನೇ, ಕಂಪನಿಗೇ ದುಡಿದವನೇ. ಹೇಳುವುದು ಚೆನ್ನಮ್ಮನಿಗಾಗಿ. ಅವಳ ಬಾಳಿನಲ್ಲಿ ಅತ್ಯಂತ ಕಷ್ಟದ ತೀರ್ಮಾನ ಯಾವುದು? ಯುದ್ಧಕ್ಕೆ ಇಳಿದದ್ದು ಇರಬಹುದು. ಆದರೆ ಬಾಗಿಲಿಗೆ ತೋಪು ಬಂದ ಮೇಲೆ ಉಳಿದ ದಾರಿಯಾದರೂ ಯಾವುದಿತ್ತು? ಗೆದ್ದ ರಾತ್ರಿ ಕೈಗೆ ಸಿಕ್ಕವರನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಮುಂದೆ ಕಂಪನಿಯೊಡನೆ ಮಾತಾಡಬೇಕು, ದತ್ತಿನ ವಿಷಯ ಇತ್ಯರ್ಥ ಆಗಬೇಕು, ಆ ಮಾತಿಗೆ ಈ ಜೀವಗಳು ಬೇಕು ಎಂಬ ಲೆಕ್ಕ ಅಲ್ಲಿರಬೇಕು. ಮನೆ ನಡೆಸುವ ಹೆಂಗಸಿನ ಲೆಕ್ಕ ಅದು. ಈ ಸೆರೆಯಾಳುಗಳನ್ನು ನಮ್ಮ ನಾಟಕಗಳು ಬಿಟ್ಟೇಬಿಡುತ್ತವೆ, ಇಲ್ಲವೆ ಔದಾರ್ಯದ ಒಂದು ಭಾಷಣಕ್ಕೆ ಬಳಸಿಕೊಂಡು ಕೈತೊಳೆದುಕೊಳ್ಳುತ್ತವೆ. ಎದುರಿನವನನ್ನು ಬೆಪ್ಪನನ್ನಾಗಿ ಮಾಡಿದ ಮೇಲೆ ಅವನ ಜೀವಕ್ಕೆ ಬೆಲೆ ಎಲ್ಲಿ ಬಂತು? ಅವನ ಜೀವಕ್ಕೆ ಬೆಲೆ ಇಲ್ಲದಿದ್ದರೆ ಅದನ್ನು ಉಳಿಸಿದವಳ ವಿವೇಕಕ್ಕೆ ತಾನೆ ಬೆಲೆ ಎಲ್ಲಿಂದ ಬರಬೇಕು? ಎದುರು ಪಕ್ಷದವರ ಬಾಳನ್ನು ಓದದೆ ನಾವು ಕಳೆದುಕೊಂಡದ್ದು ನಮ್ಮ ರಾಣಿಯನ್ನೇ.

ಅವರ ಬರಹಗಳಿಗೂ ಒಂದು ಮಾತು ಸಲ್ಲಬೇಕು. ಎಲಿಯಟ್‌ನ ಬಾಳನ್ನು ಹೇಳುವಾಗ ಅವರಿಗೆ ಕಿತ್ತೂರು ಒಂದು ಅಪಾಯ. ತಪ್ಪಿಸಿಕೊಂಡು ಮುಂದೆ ನಡೆಯಬೇಕಾದ ಹಳ್ಳ. ಬಿಟ್ಟು ಕಳುಹಿಸಿದವರ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುವ ಗೋಜಿಲ್ಲ. ಅವರ ಪಾಲಿಗೆ ಚೆನ್ನಮ್ಮ ಒಬ್ಬ ದೇಸಾಯಿಯ ವಿಧವೆ, ಅಷ್ಟೆ. ಹೀಗೆ ಒಂದು ಕಡೆ ಅವಳಿಗೆ ಮುಖವಿಲ್ಲ, ಇನ್ನೊಂದು ಕಡೆ ಮುಖವಿದ್ದರೂ ವಯಸ್ಸಿಲ್ಲ.

ಸಂಗೊಳ್ಳಿ ರಾಯಣ್ಣನ ವಿಷಯದಲ್ಲಿ ಜನಪದರು ನಮಗಿಂತ ಜಾಣರು. ಅದೇ ದತ್ತು ಹುಡುಗನ ಹೆಸರಿನಲ್ಲಿ ಬಂಡೆದ್ದು, 1830ರಲ್ಲಿ ಸೆರೆ ಸಿಕ್ಕಿ, 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದ ರಾಯಣ್ಣನ ಮೇಲೆ ಲಾವಣಿಗಳು ಹುಟ್ಟಿದವು. ಅಂಥದೊಂದು ಲಾವಣಿಯನ್ನು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದ ಸಮೇತ ಅಚ್ಚು ಹಾಕಿಸಿದವನು ಜಾನ್ ಫ್ಲೀಟ್. ಅವನೂ ಸರ್ಕಾರದ ಅಧಿಕಾರಿಯೇ! ತಾವು ನೇಣು ಹಾಕಿದವನ ಹಾಡನ್ನು ತಾವೇ ಎತ್ತಿಟ್ಟರು. ನಮ್ಮ ಕಾಲದಲ್ಲಿ ಎಂ.ಎಂ. ಕಲಬುರ್ಗಿಯವರು ಕಿತ್ತೂರು ಸಂಸ್ಥಾನದ ಸಾಹಿತ್ಯವನ್ನು ಸಂಪುಟಗಳಾಗಿ ಕೂಡಿಸಿ ಕೊಟ್ಟರು. ಇಷ್ಟೆಲ್ಲ ಕೈಗೆ ಸಿಗುವಾಗಲೂ ಶಾಲೆಯ ವೇದಿಕೆಯ ಮೇಲೆ ಅದೇ ರಟ್ಟಿನ ಕತ್ತಿ.

ನನ್ನ ದೊಡ್ಡ ದೂರು ಇನ್ನೊಂದಿದೆ. ಎಲ್ಲರ ಕಥೆಯೂ ಗೆಲುವಿನ ದಿನಕ್ಕೋ ಕೋಟೆ ಬಿದ್ದ ದಿನಕ್ಕೋ ನಿಂತುಬಿಡುತ್ತದೆ. 1824ರ ಡಿಸೆಂಬರ್ ಮೊದಲ ವಾರ ಕಿತ್ತೂರು ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಳಾಗಿ ಇನ್ನೂ ನಾಲ್ಕು ವರ್ಷ ಬದುಕಿದ್ದಳು, 1829ರ ಫೆಬ್ರವರಿಯವರೆಗೆ. ನಾಲ್ಕು ವರ್ಷವೆಂದರೆ ಎಷ್ಟು ಬೆಳಗು, ಎಷ್ಟು ರಾತ್ರಿ. ಸೊಸೆ ವೀರವ್ವನಂಥ ಹೆಂಗಸರು ಏನು ಉಂಡರು, ಏನು ಮಾತಾಡಿಕೊಂಡರು, ಒಬ್ಬರನ್ನೊಬ್ಬರು ದೂರಿಕೊಂಡರೋ ಸಮಾಧಾನ ಮಾಡಿಕೊಂಡರೋ? ಇಡೀ ಅರಮನೆಯ ಹೆಣ್ಣುಗಳ ಬಾಳು ಅಲ್ಲಿ ಒಂದು ಕಾದಂಬರಿಯಷ್ಟಿದೆ. ನಮ್ಮ ಲೇಖಕರು ಮಾತ್ರ ಸಮಾಧಿಗೆ ಹೂ ಹಾಕಿ ಬಂದುಬಿಡುತ್ತಾರೆ. 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ನಿಂತಿತು. ಸಂತೋಷವೇ. ಬೆಂಗಳೂರಿನಿಂದ ಹೊರಟ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ದಿನಾ ರಾತ್ರಿ ನಮ್ಮ ತುಮಕೂರನ್ನು ದಾಟಿಯೇ ಹೋಗುತ್ತದೆ. ನಿದ್ದೆ ಬಾರದ ರಾತ್ರಿಗಳಲ್ಲಿ ಅದರ ಕೂಗು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಕುದುರೆಯ ಮೇಲಿನ ರಾಣಿಯಲ್ಲ, ದೊಡ್ಡಮ್ಮ.

ಯಾಕೆಂದರೆ ಅವಳು ಆ ರಾತ್ರಿ ಯಾಕೆ ಹಾಗೆ ಕೇಳಿದಳೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಗಂಡ ಸತ್ತ ಮೇಲೆ ಅವಳು ತನ್ನ ತಂಗಿಯ ಮಗನೊಬ್ಬನನ್ನು ದತ್ತು ಮಾಡಿಕೊಂಡಿದ್ದಳು. ದೇವರ ಮುಂದೆ ಶಾಸ್ತ್ರವಾಗಿ, ಊರಿಗೆ ಊಟ ಹಾಕಿಸಿ. ತೆಂಗಿನ ತೋಟ ಇತ್ತು. ದಾಯಾದಿಗಳು ಎದ್ದರು. "ನಿನ್ನ ಗಂಡ ದತ್ತು ತಗೋ ಅಂತ ಹೇಳಿದ್ನಾ? ಎಲ್ಲಿ ಬರ್ದವ್ನೆ? ತೋರ್ಸು" ಎಂದರು. ಅವನು ಬರೆದಿರಲಿಲ್ಲ. ಜ್ವರ ಬಂದು ಮೂರೇ ದಿನಕ್ಕೆ ಹೋದವನು ಏನು ಬರೆದಾನು? ಪಂಚಾಯಿತಿ ಕೂತಿತು. ಕೋರ್ಟಿಗೆ ಹೋದರೆ ಇರುವುದೂ ಹೋಗುತ್ತದೆಂದು ಹೆದರಿಸಿದರು. ಅರ್ಧ ತೋಟಕ್ಕೆ ಹೆಬ್ಬೆಟ್ಟು ಒತ್ತಿ ಎದ್ದು ಬಂದಳು.

ನಮ್ಮ ಮೈಸೂರು ಸೀಮೆಯಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಬಂದಿತ್ತು. ಗಂಡ ಬೇಡವೆಂದು ಬರವಣಿಗೆಯಲ್ಲಿ ಹೇಳಿರದಿದ್ದರೆ, ದತ್ತಿಗೆ ಅವನ ಅನುಮತಿ ಇದೆಯೆಂದೇ ತಿಳಿಯಬೇಕು ಎಂದು ಅದು ಹೇಳುತ್ತಿತ್ತು. 1956ರಲ್ಲಿ ಇಡೀ ದೇಶಕ್ಕೆ ಹೊಸ ದತ್ತಕ ಕಾನೂನು ಬಂತು. ದೊಡ್ಡಮ್ಮನ ಪಂಚಾಯಿತಿ ನಡೆದದ್ದು ಈ ಎರಡರ ನಡುವೆ. ಅಂದರೆ ಅವಳಿಗೆ ಕಾಗದ ಬೇಕಾಗಿಯೇ ಇರಲಿಲ್ಲ. ಇದ್ದರೆ ಬೇಡವೆನ್ನುವ ಕಾಗದವನ್ನು ದಾಯಾದಿಗಳೇ ತೋರಿಸಬೇಕಾಗಿತ್ತು. ಈ ಮಾತನ್ನು ಅವಳಿಗೆ ಹೇಳಿದವರು ಆ ಪಂಚಾಯಿತಿಯಲ್ಲಿ ಒಬ್ಬರೂ ಇಲ್ಲ. ಕಿತ್ತೂರಿನ ರಾಣಿಗೂ ತನ್ನ ಥರದ್ದೇ ತಾಪತ್ರಯ ಇತ್ತು ಎಂದು ನಾಟಕದ ಮೊದಲ ಸಾಲಿನಲ್ಲೇ ಅವಳಿಗೆ ಹೊಳೆದುಬಿಟ್ಟಿತ್ತು. ಮುಂದೆ ಏನಾಯಿತೆಂದು ತಿಳಿಯಲು ಕೊನೆಯವರೆಗೂ ಕಾದಿದ್ದಾಳೆ. ನಾನು ಅವಳಿಗೆ ಪಟಾಕಿ ಹೊಡೆದು ತೋರಿಸಿದೆ.

ಈಚೆಗೆ ತುಮಕೂರಿನ ನಮ್ಮ ಬಡಾವಣೆಯ ಹೆಣ್ಣುಮಕ್ಕಳು ಅದೇ ನಾಟಕ ಮಾಡುತ್ತೇವೆ, ಸ್ವಲ್ಪ ತಿದ್ದಿಕೊಡಿ ಎಂದು ಬಂದರು. ನಾನು ಎರಡು ದೃಶ್ಯ ಸೇರಿಸಿದೆ. ಒಂದರಲ್ಲಿ ಚೆನ್ನಮ್ಮ ದೀಪದ ಮುಂದೆ ಕೂತು ಗವರ್ನರನಿಗೆ ಅಹವಾಲು ಬರೆಸುತ್ತಾಳೆ. ಇನ್ನೊಂದರಲ್ಲಿ ಎಲಿಯಟ್ ಎಂಬ ಹುಡುಗ ಸೆರೆಯಲ್ಲಿ ಕೂತು ಗೋಡೆಯ ಕಲ್ಲಿನ ಮೇಲಿನ ಅಕ್ಷರದ ಮೇಲೆ ಬೆರಳಾಡಿಸುತ್ತಾನೆ. ಎರಡನೆಯದು ನನ್ನ ಕಲ್ಪನೆಯೇ ಎಂದು ಅವರಿಗೆ ಹೇಳಿಯೇ ಕೊಟ್ಟೆ. ನಾಟಕ ಕಲಿಸುತ್ತಿದ್ದ ಹುಡುಗಿ ಓದಿ ನೋಡಿ, "ಚೆನ್ನಾಗಿದೆ ಆಂಟಿ, ಆದ್ರೆ ಕಾಗದ ಬರೆಸೋದಕ್ಕೆ ಚಪ್ಪಾಳೆ ಬೀಳಲ್ಲ" ಎಂದಳು.

ಬೀಳಲಿಲ್ಲ, ನಿಜ. ಯುದ್ಧದ ದೃಶ್ಯಕ್ಕೇ ಬಿತ್ತು. ನಾಟಕ ಮುಗಿದು ಕುರ್ಚಿ ಜೋಡಿಸುತ್ತಿರುವಾಗ, ಮೊಮ್ಮಗಳ ಕೈ ಹಿಡಿದುಕೊಂಡಿದ್ದ ಒಬ್ಬ ಹೆಂಗಸು ಮಾತ್ರ ನನ್ನ ಹತ್ತಿರ ಬಂದು, ಆ ಕಾಗದಕ್ಕೆ ಜವಾಬು ಬಂತಾ ಅಮ್ಮಾ ಎಂದು ಕೇಳಿದರು. ಈ ಸಲ ನನಗೆ ಉತ್ತರ ಗೊತ್ತಿತ್ತು. ಅವರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ.